ನಾಕು ನಿಂಬಿಹಣ್ಣಿನ ಮಾಟ

ನಮ್ಮನ್ನ ಶಾಲಿ ಬಯಲಿನಿಂದ ಹೊರಗ ಹಾಕಿದ್ದು ನಾಕು ನಿಂಬಿಹಣ್ಣು ಅಂತ ಹಗರಿಬೊಮ್ಮನಹಳ್ಳ್ಯಾಗ ನಮ್ಮ ಓಣಿಯೋರು ಯಾರನ್ನ ಕೇಳಿದ್ರೂ ಹೇಳ್ತಾರ. ಸುಳ್ಳು. ನಿಂಬಿಹಣ್ಣಿಗೆ ಕೈಯಿಲ್ಲ, ಕಾಲಿಲ್ಲ, ಗೇಟಿಗೆ ಬೀಗ ಜಡಿಯಾಕ ಅದಕ್ಕ ಬರಲ್ಲ. ಬೀಗ ಹಾಕಿದ್ದು ಮನುಷ್ಯಾರು. ಯಾಕ ಹಾಕಿದ್ರು, ಅದ್ರಿಂದ ನಮ್ಮ ಮೈಗೆ ಏನಾತು ಅನ್ನೋದನ್ನ ಹೇಳ್ತೀನಿ. ಸಮಾಧಾನದಿಂದ ಹೇಳು ಅಂತಾರ ನಮ್ಮ ಮನಿಯವ್ರು. ಸಮಾಧಾನ ಅವರ ಹತ್ರಾನೇ ಇರ್ಲಿ, ನನಗ ಸಿಟ್ಟು ಇನ್ನೂ ಇಳಿದಿಲ್ಲ.

ನಾನು ಟೈಲರ್. ಐವತ್ತರ ಹತ್ರ ಬಂದೀನಿ. ಪಡಸಾಲ್ಯಾಗ ಮಷಿನ್ ಹಾಕ್ಕೊಂಡು ಓಣಿ ಹೆಂಗಸರ ಬ್ಲೌಸ್ ಹೊಲೀತೀನಿ. ಎರಡು ಮಕ್ಕಳಾದ ಹೆಂಗಸು ಬಟ್ಟಿ ಕೊಡೋವಾಗ ಒಂದು ಮಾತು ಹೇಳೇ ಹೇಳ್ತಾಳ, "ಅಕ್ಕಾ, ಒಳಗ ಒಂದೀಟು ಬಟ್ಟಿ ಬಿಟ್ಟು ಹೊಲಿ." ಮುಂದ ಮೈ ಬಂದ್ರ ಹೊಲಿಗಿ ಬಿಚ್ಚಿ ಅಗಲ ಮಾಡಾಕ ಅದು. ಇನ್ನೂ ದಪ್ಪ ಆಗಿರಲ್ಲ, ಆಗ್ತೀನಿ ಅಂತ ಮದ್ಲೇ ಒಪ್ಕೊಂಡಿರ್ತಾಳ. ಗಂಡಸರಿಗೂ ಹೊಟ್ಟಿ ಬರ್ತೈತಿ, ಆದ್ರ ಅವ್ರಿಗೆ ಹೊಟ್ಟಿ ಬಂದ್ರ ಹೊಸಾ ಅಂಗಿ ಬರ್ತೈತಿ. ನಮಗ ಹಳೇ ಬ್ಲೌಸಿನ ಒಳಗ ಬಿಟ್ಟ ಬಟ್ಟೀನೇ ಗತಿ. ಹಂಗ ಬಿಚ್ಚಿ ಬಿಚ್ಚಿ ಹೊಲಿಯೋದ್ರಾಗೇ ನನ್ನ ಅರ್ಧ ದಿನ ಹೋಗ್ತೈತಿ.

ಕುಂತು ಕುಂತು ನನ್ನ ಮೈಯೂ ಹಂಗೇ ಆತು. ಮೊಣಕಾಲು ಬಾತ್ಕೊಂಡು ಮಷಿನ್ ತುಳಿಯಾಕ ಆಗದಂಗ ಆದಾಗ ಹರಪನಹಳ್ಳಿ ಡಾಕ್ಟ್ರ ಹತ್ರ ಹೋದೆ. ಸಕ್ಕರಿ ಕಾಯಿಲಿ ಐತಿ ಅಂದ್ರು. ತಲಿ ಎತ್ತಿ ನನ್ನ ಮುಖಾನೂ ನೋಡ್ಲಿಲ್ಲ, "ವಾಕಿಂಗ್ ಮಾಡ್ರಿ, ಅನ್ನ ಬಿಡ್ರಿ" ಅಂದ್ರು. ಅಷ್ಟೇ. ನನ್ನಂಥಾಕಿ ಎಲ್ಲಿ ನಡೀಬೇಕು, ಯಾವಾಗ ನಡೀಬೇಕು, ಯಾರ ಕೂಡ ನಡೀಬೇಕು ಅಂತ ಯಾರು ಹೇಳ್ತಾರ?

ಆದ್ರೂ ನಡದೆ. ಸಂಜಿಕ ಕೂಡ್ಲಿಗಿ ರಸ್ತಿ ಹಿಡದು ಹೊಂಟ್ರ ಎದುರಿಗೆ ಲಾರಿ, ಹಿಂದ ನಾಯಿ, ಬಾಜೂಕ ಚಾದಂಗಡಿ. ಚಾದಂಗಡಿ ಬೆಂಚಿನ ಮ್ಯಾಲ ಕುಂತೋರು, "ಏನಕ್ಕಾ, ಯಾರು ಬೆನ್ನು ಹತ್ಯಾರ?" ಅಂತ ಕೇಳೋರು. ಮದಲನೇ ದಿನ ನಕ್ಕೆ. ಎರಡನೇ ದಿನ ಸುಮ್ಮನ ಹೋದೆ. ಆಮ್ಯಾಲ ಅವರ ಕಣ್ಣು ನನ್ನ ಬೆನ್ನಿಗೆ ಅಂಟಿದಂಗ ಅನ್ನಿಸಾಕ ಹತ್ತಿತು, ಬಿಟ್ಟೆ. ಬಿಟ್ಟ ಮ್ಯಾಲ ಎಲ್ಲಾರೂ ನನಗೇ ಹೇಳಿದ್ರು, "ನಿನಗ ಛಲ ಇಲ್ಲ." ಬೆಂಚಿನ ಮ್ಯಾಲ ಕುಂತೋರಿಗೆ ಯಾರೂ ಏನೂ ಹೇಳ್ಲಿಲ್ಲ.

ಹಂಗಿರುವಾಗ ಒಂದು ದಿನ ನಮ್ಮ ಓಣಿ ಹಿಂದಿನ ಸರ್ಕಾರಿ ಶಾಲಿ ಟೀಚರಮ್ಮ ಬ್ಲೌಸ್ ಬಿಚ್ಚಿಸಾಕ ಬಂದ್ಲು. ಕೂಡ್ಲಿಗಿ ಕಡೆಯಾಕಿ, ವರ್ಗ ಆಗಿ ಬಂದು ಸ್ವಲ್ಪ ದಿನ ಆಗಿತ್ತು. ನಾನು ಬಗಲಿನ ಹೊಲಿಗಿ ಬಿಚ್ಚೋದನ್ನ ನೋಡ್ಕೊಂತ ಕುಂತಾಕಿ, "ಇನ್ನ ಒಳಗ ಬಟ್ಟಿ ಎಷ್ಟು ಉಳದೈತಕ್ಕ?" ಅಂದ್ಲು.

"ಇದೇ ಕೊನೀದು ಟೀಚರಮ್ಮ."

"ಹಂಗಾದ್ರ ಇನ್ನ ನಾವೇ ಸಣ್ಣ ಆಗಬೇಕು." ಆಮ್ಯಾಲ ತಾನೇ ಹೇಳಿದ್ಲು, "ಶಾಲ್ಯಾಗ ಥ್ರೋಬಾಲ್ ಚೆಂಡು ಐತಿ, ನೆಟ್ ಐತಿ, ಬಯಲು ಐತಿ. ಮಂದಿ ಇಲ್ಲ. ನೀವು ಬರ್ತೀರೇನು?"

ನಾನು ನಕ್ಕೆ. ಶಾಲಿ ಬಿಟ್ಟು ಮೂವತ್ತು ವರ್ಷದ ಮ್ಯಾಲಾಗಿತ್ತು, ಚೆಂಡು ಮುಟ್ಟಿದ್ದು ನೆನಪಿರ್ಲಿಲ್ಲ. ಆಕಿ ಬಿಡ್ಲಿಲ್ಲ. ನೆಟ್ಟಿನ ಆಕಡಿಯಿಂದ ಚೆಂಡು ಬರ್ತೈತಿ, ಎರಡೂ ಕೈಲಿ ಹಿಡೀಬೇಕು, ಹಿಡದು ಕುಂತಿರಬಾರದು, ತಕ್ಷಣ ತಿರುಗಿ ಒಗೀಬೇಕು, ನೆಲಕ್ಕ ಬಿದ್ರ ಅವ್ರಿಗೆ ಪಾಯಿಂಟು. ಅಷ್ಟೇ ಆಟ, ಮಗೂಗೂ ಬರ್ತೈತಿ ಅಂದ್ಲು. ನಾನು ನಮ್ಮ ಓಣಿ ಕುರಿಯಕ್ಕನ್ನ ಕರ್ಕೊಂಡೆ, ಮೂವರಾದ್ವಿ.

ಬಯಲಿನ ಗೇಟಿನ ಕೀಲಿಕೈ ಶಾಲಿ ಸಮಿತಿ ಅಧ್ಯಕ್ಷರ ಮನ್ಯಾಗ ಇರ್ತಿತ್ತು. ಬಯಲಿನ ಬಾಜೂಕೇ ಅವರ ಮನಿ, ಮುಂದ ಅವರ ಗೊಬ್ಬರದ ಅಂಗಡಿ. ಸಂಜಿಕ ಕೀಲಿಕೈ ತಗೊಂಡು ಬಂದದ್ದು ಅವರ ಮನಿಯಾಕಿ. ನನಗಿಂತ ಎರಡು ಮೂರು ವರ್ಷ ಸಣ್ಣಾಕಿ, ದಪ್ಪಗ, ನಾಕು ಹೆಜ್ಜಿ ನಡದ್ರ ಏದುಸಿರು. ಗೇಟ್ ತಗದು ಹೊಂಟೋಳನ್ನ ಟೀಚರಮ್ಮ ಕೈ ಹಿಡದು ನಿಲ್ಲಿಸಿದ್ಲು. "ಒಬ್ಬರು ಕಡಿಮಿ ಅದೀವಿ, ನಿಂತ್ಕೊಳ್ರಿ ಸಾಕು" ಅಂದ್ಲು. ನಿಂತಾಕಿ ಮರುದಿನಾನೂ ಬಂದ್ಲು. ನಾವು ಆಕಿಗೆ ಕೀಲಿಕೈ ಅಕ್ಕ ಅಂತ ಹೆಸರಿಟ್ವಿ.

ಮದಲನೇ ಸಂಜಿ ಚೆಂಡು ನನ್ನ ಕಡೆ ಬಂದಾಗ ನಾನು ಕಣ್ಣು ಮುಚ್ಚಿ ಮುಖಕ್ಕ ಕೈ ಅಡ್ಡ ಹಿಡದೆ. "ಅಕ್ಕಾ, ಅದು ಚೆಂಡು, ಹಾವಲ್ಲ" ಅಂದ್ಲು ಟೀಚರಮ್ಮ. ಆಕಡಿ ಸೈಡಿನಾಗ ಕುರಿಯಕ್ಕ ಇದ್ಲು. ಹಿರೇಹಡಗಲಿ ತವರಿನಾಕಿ, ಗಂಡನ ಮನ್ಯಾಗ ಕುರಿ ಸಾಕ್ತಾರ. ಬಲಿತ ಕುರಿ ಎತ್ತಿ ಟೆಂಪೋದಾಗ ಹಾಕೋ ಕೈ ಅದು, ಒಗದ್ರ ಚೆಂಡು ನೆಟ್ ದಾಟಿ, ಗೆರಿ ದಾಟಿ, ಕಾಂಪೌಂಡ್ ದಾಟಿ ಅಧ್ಯಕ್ಷರ ಅಂಗಡಿ ತಗಡಿಗೆ ಬಡೀತಿತ್ತು.

ಆವತ್ತು ಮೂರು ನಾಕು ಸಲ ಹಾರಿರಬೇಕು, ನನ್ನ ಲಂಗ ಒದ್ದಿ ಆತು. ಎರಡು ಹಡದ ಮ್ಯಾಲ ಕೆಮ್ಮಿದ್ರೂ ಸೀನಿದ್ರೂ ಹಂಗ ಆಗ್ತಿತ್ತು, ಯಾರಿಗೂ ಹೇಳಿರ್ಲಿಲ್ಲ. ನಾಚಿಕಿಂದ ಮೈ ಹಿಡಿಯಾಗಿ ಹೋತು. ಮನೀಗೆ ಹೋಗ್ತೀನಿ ಅಂದೆ. ಟೀಚರಮ್ಮ ಯಾಕ ಅಂತ ಬೆನ್ನು ಬಿದ್ಲು. ಕೊನೀಗೆ ಹೇಳಿಬಿಟ್ಟೆ. ಆಮ್ಯಾಲ ದಿನಕ್ಕ ನಾಕು ಮಾತು ಆಡದ ಕೀಲಿಕೈ ಅಕ್ಕ, "ನನಗೂ ಹಂಗೇ" ಅಂದ್ಲು. "ನನಗೂನೂ, ಅದಕ್ಕೇ ನಾನು ಹಾರ್ತಾನೇ ಇಲ್ಲ" ಅಂದ್ಲು ಕುರಿಯಕ್ಕ. ಎಲ್ಲಾರೂ ಹೊಟ್ಟಿ ಹಿಡ್ಕೊಂಡು ನಕ್ವಿ, ನಗೋವಾಗ ಮತ್ತೀಟು ಒದ್ದಿ ಆತು. ಮನೀಗೆ ಬಂದ ಮ್ಯಾಲ ನನಗ ಸಿಟ್ಟು ಬಂತು. ಇಷ್ಟು ವರ್ಷ ಒಂದೇ ಓಣ್ಯಾಗ, ಒಂದೇ ನಳದ ನೀರು ಹಿಡ್ಕೊಂಡು ಬದುಕೀವಿ, ಎಲ್ಲಾರಿಗೂ ಅದೇ ತ್ರಾಸು, ಒಬ್ಬಾಕೀನೂ ಒಬ್ಬಾಕಿಗೆ ಹೇಳಿಲ್ಲ. ಹೆರಿಗಿ ಮಾಡಿಸಿದ ಡಾಕ್ಟ್ರೂ ಕೇಳಿಲ್ಲ, ಸಕ್ಕರಿ ನೋಡಿದ ಡಾಕ್ಟ್ರೂ ಕೇಳಿಲ್ಲ. ಹಡದಾಕಿ ಮೈ ಅಂದ್ರ ಹಂಗೇ ಇರ್ತೈತಿ ಅಂತ ಎಲ್ಲಾರೂ ಸುಮ್ಮನಿದ್ವಿ.

ದಿನಾ ಆಡಾಕ ಹತ್ತಿದ್ವಿ. ವಾಕಿಂಗಿಗೂ ಇದಕ್ಕೂ ಏನು ಫರಕು ಅಂತ ಯಾರಾದ್ರೂ ಕೇಳಿದ್ರ ನಾನು ಹೇಳ್ತೀನಿ. ವಾಕಿಂಗಿಗೆ ನಾನು ಹೋಗದಿದ್ರ ರಸ್ತಿ ಏನೂ ಅಳಲ್ಲ. ಆಟಕ್ಕ ಹೋಗದಿದ್ರ ಸೈಡು ಮುರೀತೈತಿ, ಕುರಿಯಕ್ಕ ಮನಿ ಬಾಗಿಲಿಗೆ ಬಂದು, "ಎದ್ದು ಬಾರಲೇ, ನಿನ್ನ ಮಷಿನ್ ಓಡಿ ಹೋಗಲ್ಲ" ಅಂತ ಬೈತಾಳ. ನಡೀವಾಗ ನನಗ ನನ್ನ ಹೊಟ್ಟಿ, ನನ್ನ ಕಾಲು, ನನ್ನ ನೋವೇ ಕಾಣ್ತಿತ್ತು. ಚೆಂಡು ಬರೋವಾಗ ಚೆಂಡೊಂದೇ ಕಾಣ್ತೈತಿ. ಓಡಿದ್ದು, ಬಗ್ಗಿದ್ದು, ಹಾರಿದ್ದು ಮನೀಗೆ ಬಂದು ಕುಂತ ಮ್ಯಾಲ ಗೊತ್ತಾಗೋದು.

ಸೀರಿ ಕಾಲಿಗೆ ಸಿಕ್ಕೊಂತಿತ್ತು. ಮನ್ಯಾಗ ಉಳಿದಿದ್ದ ಬಟ್ಟಿ ತುಂಡು ಜೋಡಿಸಿ ಎಲ್ಲಾರಿಗೂ ಪೈಜಾಮ ಹೊಲದು ಕೊಟ್ಟೆ. ಒಂದು ಕಾಲು ಕೆಂಪು, ಒಂದು ಕಾಲು ಹಸರು. ಅದನ್ನ ನೋಡಿ ನಮ್ಮ ಮನಿಯವ್ರು, "ಜನ ನಗ್ತಾರ" ಅಂದ್ರು.

"ನಗಲಿ. ನಾವು ಅಲ್ಲಿಗೆ ಹೋಗೋದೂ ಅದಕ್ಕೇ" ಅಂದೆ.

"ಮನಿ ಕೆಲಸ ಸರಿಯಾಗಿ ಮಾಡಿದ್ರ ಅದ್ಕಿಂತ ವ್ಯಾಯಾಮ ಇಲ್ಲ."

"ಹಂಗಾದ್ರ ನೀವು ಮಾಡ್ರಿ, ನಿಮಗೂ ಹೊಟ್ಟಿ ಬಂದೈತಿ."

ಅತ್ತಿ ಮೂಲ್ಯಾಗ ಕುಂತು ಎಲ್ಲಾ ಕೇಳಿಸ್ಕೊಂಡು, "ನಾವು ಬೀಸಿದ್ವಿ, ಕುಟ್ಟಿದ್ವಿ, ಬಾವಿಂದ ನೀರು ಹೊತ್ವಿ. ನಮಗ್ಯಾವ ಚೆಂಡು ಬೇಕಾಗಿತ್ತವ್ವಾ?" ಅಂದ್ರು. ನಾನು, "ಅದಕ್ಕೇ ಅತ್ತೀ, ನನ್ನ ವಯಸ್ಸಿಗೆಲ್ಲಾ ನಿಮ್ಮ ಬೆನ್ನು ಬಗ್ಗಿ ಹೋಗಿತ್ತು" ಅಂದೆ. ಕುರಿಯಕ್ಕನ್ನ ಯಾರಾದ್ರೂ ಇದೇ ಮಾತು ಕೇಳಿದ್ರ ಆಕಿ ಇನ್ನೂ ಛಲೋ ಹೇಳ್ತಾಳ. "ಕುರಿ ಹಿಂದ ದಿನಾ ಓಡ್ತೀನಿ. ಸೊಂಟ ಬಿದ್ದು ಹೋಗೈತಿ. ಕುರಿ ಹಿಂದ ಓಡಿದ್ರ ನಗು ಬರಲ್ಲ ನೋಡು."

ಮೈ ಬದಲಾದದ್ದು ನನಗ ಉಚ್ಚಂಗಿದುರ್ಗದಾಗ ಗೊತ್ತಾತು. ಹುಣ್ಣಿವಿಗೆ ಅತ್ತಿಯವ್ರ ಹರಕಿ ತೀರಿಸಾಕ ಹೋಗಿದ್ವಿ. ಹಿಂದಿನ ಸಲ ಗುಡ್ಡದ ನಡುವ ಕುಂತು, ಎದಿ ಹಿಡ್ಕೊಂಡು, ಇಲ್ಲಿಂದಾನೇ ಕೈ ಮುಗೀತೀನಿ ತಾಯೀ ಅಂದಿದ್ದೆ. ಈ ಸಲ ಅತ್ತಿಯವ್ರು ಕೆಳಗೇ ಕುಂತ್ರು, ನಾನು ಪೂಜಿ ಬುಟ್ಟಿ ಕಂಕುಳಾಗ ಇಟ್ಕೊಂಡು ಹತ್ತಿದೆ. ಮಾತಾಡ್ಕೊಂತ ಹತ್ತಿದೆ. ಉಚ್ಚಂಗೆಮ್ಮನ ಮುಂದ ನಿಂತಾಗ ಎಲ್ಲೂ ಕುಂತಿಲ್ಲ ಅನ್ನೋದು ನೆನಪಾಗಿ ಕಣ್ಣಾಗ ನೀರು ಬಂತು. ಕೆಳಗ ಇಳದು ಬಂದಾಗ ಅತ್ತಿಯವ್ರು ನನ್ನ ಮುಖ ನೋಡಿದ್ರು. ಬಸ್ಸಿನಾಗ ಬರೋವಾಗ, "ಸಂಜಿಕ ಹೋಗು, ಆಡ್ಕೋ. ರೊಟ್ಟಿ ನಾನು ಬಡೀತೀನಿ" ಅಂದ್ರು. ಮತ್ತ ಆ ವಿಷಯ ಅವ್ರು ಎತ್ತಲಿಲ್ಲ.

ನಾನೊಬ್ಬಾಕೇ ಅಲ್ಲ. ಮುಟ್ಟು ನಿಲ್ಲೋ ಹೊತ್ತಿನಾಗ ಬೆವತು ಬೆವತು ನಿದ್ದಿ ಇಲ್ದಂಗ ಇದ್ದ ಟೀಚರಮ್ಮ ನಿದ್ದಿ ಮಾಡಾಕ ಹತ್ತಿದ್ಲು. ಹಾರಿದ್ರ ಒದ್ದಿ ಆಗೋದೂ ಕಡಿಮಿ ಆತು, ಉಚ್ಚಿ ತಡಿಯೋ ಹಂಗ ಕೆಳಗ ಬಿಗಿ ಹಿಡದು ಬಿಡೋ ಅಭ್ಯಾಸ ಟೀಚರಮ್ಮ ಯಾರೋ ನರ್ಸಮ್ಮನ ಹತ್ರ ಕೇಳ್ಕೊಂಡು ಬಂದು ನಮಗೆಲ್ಲಾ ಹೇಳಿಕೊಟ್ಟಿದ್ಲು. ಕೀಲಿಕೈ ಅಕ್ಕ ವರ್ಷಗಟ್ಟಲೆ ತನ್ನ ಮನಿ ಮಾಳಿಗಿ ಹತ್ತಿರ್ಲಿಲ್ಲ, ಈಗ ಹತ್ತಿ ಹಪ್ಪಳ ಒಣಗಾಕಿದ್ಲು. ಆಕಿ ಬ್ಲೌಸ್ ನನ್ನ ಹತ್ರ ಬಂತು, ಬಿಚ್ಚಾಕ ಅಲ್ಲ, ಒಳಗ ಹಿಡದು ಹೊಲಿಯಾಕ. ನನ್ನ ಇಷ್ಟು ವರ್ಷದ ಟೈಲರಿಕ್ಯಾಗ ನಡುವಯಸ್ಸಿನ ಹೆಂಗಸಿನ ಬ್ಲೌಸ್ ಸಣ್ಣ ಮಾಡಿದ್ದು ಅದೇ ಮದಲು. ಹರಪನಹಳ್ಳಿ ಡಾಕ್ಟ್ರು ಸಕ್ಕರಿ ಇಳದದ್ದು ನೋಡಿ, "ವಾಕಿಂಗ್ ಮಾಡ್ತೀರಲ್ಲ, ಗುಡ್" ಅಂದ್ರು. ಇಲ್ರೀ, ಚೆಂಡು ಆಡ್ತೀನಿ ಅಂದೆ. ನಕ್ಕುಬಿಟ್ರು. ಆ ನಗು ನನಗ ಇವತ್ತಿಗೂ ಚುಚ್ಚತೈತಿ. ಹೆಂಗಸಿನ ಸಕ್ಕರಿ ಚೆಂಡಿನಿಂದ ಇಳೀತು ಅಂದ್ರ ಯಾಕ ನಗು ಬರಬೇಕು?

ಈಗ ನಿಂಬಿಹಣ್ಣಿನ ಮಾತಿಗೆ ಬರ್ತೀನಿ.

ಮಾನೌಮಿ ದಿನ ನಾವು ಟೈಲರ್‌ಗಳು ಕತ್ರಿ ಮುಟ್ಟಲ್ಲ. ಮಷಿನ್ ತೊಳದು, ವಿಭೂತಿ ಹಚ್ಚಿ, ಕತ್ರಿ, ಟೇಪು, ಸೂಜಿ ಎಲ್ಲಾ ಮುಂದ ಇಟ್ಟು ಪೂಜಿ ಮಾಡ್ತೀವಿ. ಊರಾಗ ಲಾರಿಯೋರು ಲಾರಿಗೆ, ಟ್ರಾಕ್ಟರಿನೋರು ಟ್ರಾಕ್ಟರಿಗೆ, ಯಾವ ಆಯುಧಾನೂ ಇಲ್ದೋರು ಫೋನಿಗೂ ಕುಂಕುಮ ಹಚ್ಚತಾರ. ಅವತ್ತು ಸಂಜಿಕ ಕುರಿಯಕ್ಕ, "ನಮ್ಮ ಆಯುಧ ಯಾವುದ್ರವ್ವಾ? ಚೆಂಡಲ್ಲೇನು?" ಅಂದ್ಲು. ಎಲ್ಲಾರಿಗೂ ಹೌದು ಅನ್ನಿಸಿತು. ರಂಗೋಲಿ ಪುಡಿಲೆ ಆಟದ ಗೆರಿ ಹೊಸದಾಗಿ ಎಳದ್ವಿ, ನೆಟ್ಟಿನ ಕಂಬಕ್ಕ ಬಾಳಿಕಂದು ಕಟ್ಟಿದ್ವಿ, ಚೆಂಡಿಗೆ ವಿಭೂತಿ ಕುಂಕುಮ ಹಚ್ಚಿ ಊದಿನಕಡ್ಡಿ ಬೆಳಗಿದ್ವಿ. ಬೂದಗುಂಬಳ ಒಡದ್ವಿ. ಕುರಿಹಟ್ಟಿಗೆ ದೃಷ್ಟಿ ತಗಿಯೋ ಹಂಗೇ ಕುರಿಯಕ್ಕ ನಾಕು ನಿಂಬಿಹಣ್ಣು ಹೋಳು ಮಾಡಿ, ಕುಂಕುಮ ತುಂಬಿ, ನಮ್ಮೆಲ್ಲಾರ ಮ್ಯಾಲ ಇಳಿಸಿ ನಾಕೂ ಮೂಲಿಗೆ ಒಗದ್ಲು. ನಮ್ಮ ಮೊಣಕಾಲಿಗೆ ಯಾರ ಕಣ್ಣೂ ಬೀಳದಿರಲಿ ಅಂದ್ಲು.

ದೃಷ್ಟಿ ತಗದದ್ದನ್ನ ತಗದೋರು ಮತ್ತ ಮುಟ್ಟಬಾರದು, ಹಿಂತಿರುಗಿ ನೋಡಬಾರದು. ಇದು ನಮ್ಮ ಕಡೆ ಕೂಸಿಗೂ ಗೊತ್ತು. ನಾವು ಮುಟ್ಟಲಿಲ್ಲ, ನೋಡಲಿಲ್ಲ, ಮಂಡಕ್ಕಿ ತಿನ್ಕೊಂತ ಮನೀಗೆ ಬಂದ್ವಿ. ಕಸಬರಗಿ ತಗೊಂಡು ಗುಡಿಸಿ ಬಂದಿದ್ರ ಇಷ್ಟೆಲ್ಲಾ ಆಗ್ತಿರ್ಲಿಲ್ಲ ಅಂತ ಈಗ ಎಲ್ಲಾರೂ ಹೇಳ್ತಾರ. ಗುಡಿಸಿದ್ರ ನಮ್ಮ ದೃಷ್ಟಿ ನಮಗೇ ಬರ್ತಿತ್ತು, ಅದಕ್ಕ ಯಾರು ಜವಾಬ್ದಾರಿ?

ಮರುದಿನ ಬೆಳಿಗ್ಗೆ ಕ್ರಿಕೆಟ್ ಆಡೋ ಹುಡುಗರು ಬಯಲಿಗೆ ಹೋದ್ರು. ಬಿಳೀ ಗೆರಿ, ನಾಕು ಮೂಲ್ಯಾಗ ಕುಂಕುಮದ ನಿಂಬಿಹಣ್ಣು, ನಡುವ ಒಡದ ಬೂದಗುಂಬಳ. ಅವರಾಗ ಒಬ್ಬ ಚೆಂಡು ಹಿಡಿಯಾಕ ಮ್ಯಾಲ ನೋಡ್ಕೊಂತ ಹಿಂದಕ್ಕ ಓಡಿ, ಕುಂಬಳದ ತಿರಳಿನ ಮ್ಯಾಲ ಕಾಲಿಟ್ಟು ಜಾರಿ ಬಿದ್ದು ಪಾದ ಉಳುಕಿಸ್ಕೊಂಡ. ಅಷ್ಟೇ ಸಾಕಾತು. ಎತ್ತು ಈದೈತಿ ಅಂದ್ರ ಕೊಟ್ಟಿಗ್ಯಾಗ ಕಟ್ಟು ಅನ್ನೋ ಮಂದಿ ನಮ್ದು. ಹತ್ತು ಗಂಟಿ ಆಗೋದ್ರಾಗ ಶಾಲಿ ಬಯಲಾಗ ಮಾಟ ಮಾಡ್ಸ್ಯಾರ ಅಂತ ಓಣಿ ತುಂಬಾ ಸುದ್ದಿ. ಮಧ್ಯಾಹ್ನದ ಹೊತ್ತಿಗೆ, ಅಲ್ಲಿ ಸಂಜಿಕ ಸೇರೋ ಹೆಂಗಸ್ರೇ ಮಾಡ್ಸ್ಯಾರ ಅಂತ ಆತು. ಊಟ ಮುಗಿಸಿ ಶಾಲಿ ಕಡೆ ಹೋಗಿ ನೋಡ್ತೀನಿ, ಗೇಟಿಗೆ ಕೈ ಅಗಲದ ಹೊಸಾ ಬೀಗ.

"ನೀವಲ್ಲ ಅಂತ ಹೇಳಿಬಿಡು, ಮುಗೀತು" ಅಂದ್ರು ನಮ್ಮ ಮನಿಯವ್ರು. ನಾನ್ಯಾಕ ಅಲ್ಲ ಅನ್ನಲಿ? ಕುಂಬಳಕಾಯಿ ಕಳ್ಳ ಅಂದ್ರ ಹೆಗಲು ಮುಟ್ಟಿ ನೋಡ್ಕೊಳ್ಳೋ ಜಾತಿ ನಂದಲ್ಲ. ನಾವೇ ಒಡದ್ವಿ, ಬೆಳಕಿದ್ದಾಗೇ ಒಡದ್ವಿ, ಹೋಗಿ ಹೇಳ್ತೀನಿ ಅಂದೆ.

ಅವತ್ತು ಬನ್ನಿ ಹಬ್ಬ. ಸಂಜಿಕ ನಾನು, ಟೀಚರಮ್ಮ, ಕುರಿಯಕ್ಕ ಮೂವರೂ ಅಧ್ಯಕ್ಷರ ಅಂಗಡಿಗೆ ಹೋದ್ವಿ. ಕುರ್ಚಿ ಹಾಕ್ಕೊಂಡು ಕುಂತು ಬಂದೋರಿಗೆಲ್ಲಾ ಬನ್ನಿ ಎಲಿ ಕೊಡ್ತಿದ್ರು. ತಲಿ ಹಿಂದಿನ ಗ್ವಾಡಿ ಮ್ಯಾಲ ಮೊಳಿಗೆ ಗೇಟಿನ ಕೀಲಿಕೈ ನೇತಾಡ್ತಿತ್ತು. ಅಂಗಡಿ ಬಾಗಿಲಿಗೆ ನಿಂಬಿಹಣ್ಣು ಮೆಣಸಿನಕಾಯಿ ಸರ. ಹೊರಗ ಅವರ ಬೈಕು ನಿಂತಿತ್ತು, ಹಾರ ಹಾಕಿತ್ತು, ಅದರ ಗಾಲಿ ಕೆಳಗ ನಿಂಬಿಹಣ್ಣು ಜಜ್ಜಿ ರಸ ಒಣಗಿತ್ತು.

"ಅಣ್ಣಾ, ಗೇಟಿಗೆ ಬೀಗ ಯಾಕ ಹಾಕೀರಿ?" ಅಂದೆ.

"ಜನ ಒಂದೊಂದು ಮಾತಾಡ್ತಾರಕ್ಕ. ಮಕ್ಕಳು ಓಡಾಡೋ ಜಾಗ."

"ನಿಮ್ಮ ಬೈಕಿನ ಗಾಲಿ ಕೆಳಗ ಏನೈತಿ?"

"ಅದು ಆಯುಧ ಪೂಜೀದು."

"ನಮ್ದೂ ಅದೇ."

"ಗಾಡಿಗೆ ಮಾಡ್ತಾರ. ಚೆಂಡಿಗೆ ಯಾರು ಮಾಡ್ತಾರಕ್ಕ?"

"ಆ ಕ್ರಿಕೆಟ್ ಹುಡುಗರ ಬ್ಯಾಟಿಗೆ ಕುಂಕುಮ ಹಚ್ಚಿತ್ತಲ್ಲ?" ಅಂದ್ಲು ಟೀಚರಮ್ಮ.

ಅಧ್ಯಕ್ಷರು ನನ್ನ ಕಡೆ ತಿರುಗಿ, ಸಣ್ಣ ಮಗೂಗೆ ಹೇಳೋ ಹಂಗ ಹೇಳಿದ್ರು, "ಅವು ಹುಡುಗರು. ಅವಕ್ಕ ಆಟ ಬೇಕು. ನಿಮಗ ಈ ವಯಸ್ಸಿನಾಗ ಯಾಕ್ರೀ? ಗುಡಿ, ಭಜನಿ ಅಂತ ಇರ್ರಿ. ಮರ್ಯಾದಿ ಇರ್ತೈತಿ." ಎದ್ದು ನಿಂತು ನನ್ನ ಕೈಯಾಗ ಬನ್ನಿ ಎಲಿ ಇಟ್ರು. "ಬಂಗಾರದಂಗ ಇರೋಣಕ್ಕ" ಅಂದ್ರು.

ಹಬ್ಬದ ಎಲಿ, ಒಗದು ಬರಾಕ ಆಗ್ಲಿಲ್ಲ. ಮೈಯೆಲ್ಲಾ ಉರೀತಿತ್ತು. 'ನೀವೂ ಬಂಗಾರದಂಗ ಇರ್ರಿ' ಅಂದು ಬಂದೆ. ಅಂಗಡಿ ಹಿಂದಿನ ಬಾಗಿಲ ಪರದೆ ಕೆಳಗ ಕೀಲಿಕೈ ಅಕ್ಕನ ಪಾದ ಕಾಣ್ತಿದ್ವು. ಆಕಿ ಹೊರಗ ಬರ್ಲಿಲ್ಲ.

ಆ ಬೀಗ ಯಾರನ್ನ ತಡೀತು ಅಂತ ಕೇಳ್ರಿ. ಹುಡುಗರು ಕಾಂಪೌಂಡ್ ಹಾರಿ ಒಳಗ ಹೋಗ್ತಿದ್ರು, ಅವರ ಆಟ ಒಂದು ದಿನಾನೂ ನಿಲ್ಲಲಿಲ್ಲ. ನಡುವಯಸ್ಸಿನ ಹೆಂಗಸ್ರು ಹೆಂಗ ಹಾರಬೇಕು? ವಾರ ಕಳೀತಿದ್ದಂಗ ಅಧ್ಯಕ್ಷರ ಹೊಲದ ಮೆಕ್ಕಿಜ್ವಾಳ ಟ್ರಾಕ್ಟರಿನಾಗ ಬಂತು. ಎಲ್ಲಿ ಒಣಗಾಕಿದ್ರು ಗೊತ್ತೇನು? ಸರಿಯಾಗಿ ನಮ್ಮ ನೆಟ್ಟಿನ ಜಾಗದಾಗ, ತಾಡಪಾಲು ಹಾಸಿ. ಕಂಬ ಕಿತ್ತು ಗ್ವಾಡಿಗೆ ಒರಗಿಸಿದ್ರು. ನಾನು ನೀರಿಗೆ ಹೋಗೋವಾಗ ಬರೋವಾಗ ಗೇಟಿನ ಸರಳಿನಾಗಿಂದ ಆ ಹಳದಿ ರಾಶಿ ನೋಡಿ ಹಲ್ಲು ಕಡೀತಿದ್ದೆ. ಮಾಟದ ಜಾಗದಾಗ ಒಣಗಿದ ಕಾಳು ತಿನ್ನಾಕ ಅವ್ರಿಗೆ ಭಯ ಇರ್ಲಿಲ್ಲ.

ಬ್ಯಾರೆ ಜಾಗ ಹುಡುಕಿದ್ವಿ. ಸಿಗ್ಲಿಲ್ಲ. ಒಬ್ಬೊಬ್ಬರೇ ಮನಿ ಹಿಡದ್ವಿ. ಮೈ ಹಗುರಾಗಾಕ ಎಷ್ಟು ತಿಂಗಳು ಬೇಕಾತೋ, ತಿರುಗಿ ಭಾರ ಆಗಾಕ ಅದರ ಅರ್ಧಾನೂ ಬೇಕಾಗ್ಲಿಲ್ಲ. ದೀಪಾವಳಿ ಹೊತ್ತಿಗೆ ನನ್ನ ಮೊಣಕಾಲು ಮತ್ತ ಬಾತ್ಕೊಂತು. ಹರಪನಹಳ್ಳಿ ಡಾಕ್ಟ್ರು ಗುಳಿಗಿ ಜಾಸ್ತಿ ಮಾಡಿ, ವಾಕಿಂಗ್ ಯಾಕ ಬಿಟ್ರಿ ಅಂತ ನನಗೇ ಬೈದ್ರು. ಟೀಚರಮ್ಮ ರಾತ್ರಿ ನಿದ್ದಿ ಬರಲ್ಲ ಅಂತ ಕೆಂಪು ಕಣ್ಣು ಮಾಡ್ಕೊಂಡು ಬರ್ತಿದ್ಲು. ನನಗ ಸಿಟ್ಟಿನ ಜೊತಿಗೆ ಭಯಾನೂ ಆತು. ಹಿಂಗೇ ಕುಂತ್ರ ಇನ್ನ ಹತ್ತು ವರ್ಷಕ್ಕ ನಾನೂ ಅತ್ತಿಯವ್ರ ಹಂಗ ಗುಡ್ಡದ ಕೆಳಗ ಕುಂತಿರಬೇಕಾಗ್ತೈತಿ.

ಕಾರ್ತಿಕದ ಗೌರಿ ಹುಣ್ಣಿವಿ ಆದ ಮ್ಯಾಲ ಒಂದು ಮಧ್ಯಾಹ್ನ ಕೀಲಿಕೈ ಅಕ್ಕ ಬಂದ್ಲು. ಬೀಗ ಬಿದ್ದ ಮ್ಯಾಲ ಆಕಿ ನಮ್ಮ ಮನಿ ಕಡೆ ತಲಿ ಹಾಕಿರ್ಲಿಲ್ಲ. ಸೆರಗಿನ ಒಳಗಿಂದ ಬ್ಲೌಸ್ ತಗದು ಮಷಿನ್ ಮ್ಯಾಲ ಇಟ್ಲು. "ತೋಳು ಬಿಗಿ ಆಗೈತಕ್ಕ. ಒಂದೀಟು ಬಿಚ್ಚಿ ಕೊಡು."

ನಾನೇ ಸಣ್ಣ ಮಾಡಿಕೊಟ್ಟ ಬ್ಲೌಸ್ ಅದು. ನನ್ನ ಕೈ ಹೊಲಿಗಿ ಹಂಗೇ ಇತ್ತು. ಅದನ್ನ ನೋಡಿ ಎಲ್ಲಿತ್ತೋ ಸಿಟ್ಟು, ಬಾಯಿಗೆ ಬಂದದ್ದು ಆಡಿಬಿಟ್ಟೆ.

"ಬಿಚ್ಚಲ್ಲ. ನಿನ್ನ ಗಂಡ ಬೀಗ ಹಾಕೋದು, ನಾನು ಹೊಲಿಗಿ ಬಿಚ್ಚೋದು. ಎಷ್ಟು ದಿನ ಬಿಚ್ಚಲಿ? ಒಳಗಿನ ಬಟ್ಟಿ ತೀರಿದ ಮ್ಯಾಲ ಏನು ಬಿಚ್ಚಲಿ, ನಿನ್ನ ಚರ್ಮ ಬಿಚ್ಚಲೇನು?"

ಆಕಿ ಕುಂತ್ಲು. ಬ್ಲೌಸಿನ ಗುಂಡಿ ತಿರುವಿದ್ಲು. "ನಿನ್ನೆ ಮಾಳಿಗಿ ಹತ್ತಾಕ ಹೋಗಿದ್ದೆ" ಅಂದ್ಲು. "ನಡುವ ಉಸಿರು ಸಿಗಲಿಲ್ಲ. ಮ್ಯಾಲ ಹೋಗಾಕ ಆಗ್ಲಿಲ್ಲ, ಕೆಳಗ ಇಳಿಯಾಕ ಆಗ್ಲಿಲ್ಲ. ಒಬ್ಬಾಕೇ ಕುಂತಿದ್ದೆ. ಇವ್ರು ಅಂಗಡ್ಯಾಗ ಇದ್ರು, ಕೂಗಿದ್ರ ಕೇಳ್ತಿತ್ತು. ಕೂಗಲಿಲ್ಲ."

"ಯಾಕ ಕೂಗಲಿಲ್ಲ?"

"ಕೂಗಿದ್ರ ವಯಸ್ಸಾತು ಅಂತಾರ."

ಬ್ಲೌಸ್ ಮಡಚಿ ಸೆರಗಿನಾಗ ಇಟ್ಕೊಂಡು ಎದ್ದು ಹೋದ್ಲು. ನಾನು ತಡೀಲಿಲ್ಲ. ಬಾಯಿ ಬಿರುಸು ಆತೇನೋ ಅನ್ನಿಸಿತು, ಆದ್ರ ಹಿಂದಕ್ಕ ತಗೊಳ್ಳೋ ಮಾತು ಅಲ್ಲ ಅವು.

ಮರುದಿನ ಸಂಜಿಕ ಕುರಿಯಕ್ಕ ಓಡಿ ಬಂದು, "ಗೇಟ್ ತಗದೈತಿ" ಅಂದ್ಲು. ಹೋಗಿ ನೋಡಿದ್ರ ಬಯಲಾಗ ಕೀಲಿಕೈ ಅಕ್ಕ ಒಬ್ಬಾಕೇ, ನಾನು ಹೊಲದು ಕೊಟ್ಟ ಕೆಂಪು ಹಸರು ಪೈಜಾಮ ಹಾಕ್ಕೊಂಡು, ಕಟ್ಟಿಗಿ ಹಲುಬಿಲೆ ಮೆಕ್ಕಿಜ್ವಾಳ ಬಾಜೂಕ ಎಳೀತಿದ್ಲು. ಮುಖ ಕೆಂಪಗಾಗಿತ್ತು, ಉಸಿರು ಶಬ್ದ ಮಾಡ್ತಿತ್ತು. ತಾಡಪಾಲಿನ ನಾಕೂ ಮೂಲಿ ಹಿಡದು ಎಳದು ಗ್ವಾಡಿಗೆ ಹಚ್ಚಿದ್ವಿ. ಕಂಬ ನೆಟ್ವಿ. ಟೀಚರಮ್ಮ ರಂಗೋಲಿ ಪುಡಿ ತಂದು ಗೆರಿ ಎಳದ್ಲು. ಕ್ರಿಕೆಟ್ ಹುಡುಗರು ಆಟ ನಿಲ್ಲಿಸಿ ನಮ್ಮ ಕಡೆ ನೋಡ್ಕೊಂತ ನಿಂತ್ರು. ಅವರಾಗ ಒಬ್ಬ ಫೋನ್ ಹಚ್ಚಿರಬೇಕು.

ಎಲ್ಲಿಗೋ ಹೋಗಿದ್ದ ಅಧ್ಯಕ್ಷರು ಬೈಕ್ ಮ್ಯಾಲ ಬಂದ್ರು. ಗೇಟಿನ ಹತ್ರ ನಿಲ್ಲಿಸಿ ನಡಕೊಂಡು ಒಳಗ ಬಂದು, ನೆಟ್ಟಿನ ಹತ್ರ ನಿಂತ್ರು.

"ಯಾರು ಗೇಟ್ ತಗದದ್ದು?"

"ನಾನು" ಅಂದ್ಲು ಕೀಲಿಕೈ ಅಕ್ಕ. ಚೆಂಡು ಆಕಿ ಕೈಯಾಗ ಇತ್ತು.

"ಮನೀಗೆ ನಡಿ."

ಆಕಿ ಹೋಗ್ಲಿಲ್ಲ. ಚೆಂಡು ಎದಿಗೆ ಹಿಡ್ಕೊಂಡು ಉಸಿರು ತಗೊಂಡ್ಲು. ನಾವೆಲ್ಲಾ ನಿಂತಲ್ಲೇ ನಿಂತಿದ್ವಿ. ನನ್ನ ಬಾಯಾಗ ನೂರು ಮಾತು ಬಂದಿದ್ವು, ಆದ್ರ ಆ ಮಾತು ನನ್ನವಲ್ಲ, ಆಕೀವು, ಅದಕ್ಕ ತುಟಿ ಕಚ್ಚಿ ಸುಮ್ಮನಿದ್ದೆ. ಆಕಿ ಗಂಡನ ಮುಖ ನೋಡ್ಲಿಲ್ಲ, ಕಾಲು ನೋಡಿದ್ಲು.

"ಹಿಂದಕ್ಕ ಸರೀರಿ" ಅಂದ್ಲು. "ಗೆರಿ ಮ್ಯಾಲ ನಿಂತೀರಿ."

ಅವ್ರು ಕೆಳಗ ನೋಡಿದ್ರು. ಚಪ್ಪಲಿಗೆ ರಂಗೋಲಿ ಮೆತ್ತಿತ್ತು. ಎರಡು ಹೆಜ್ಜಿ ಹಿಂದಕ್ಕ ಸರದ್ರು.

ಆಕಿ ಒಗದ್ಲು. ಚೆಂಡು ನೆಟ್ ದಾಟಿ ನೆಟ್ಟಗ ನನ್ನ ಕಡೆ ಬಂತು. ಸುಲಭದ ಚೆಂಡು, ಮಾನೌಮಿ ಮುಂಚೆ ಆಗಿದ್ರ ಮಾತಾಡ್ಕೊಂತ ಹಿಡೀತಿದ್ದೆ. ಒಂದು ಹೆಜ್ಜಿ ಮುಂದ ಇಟ್ಟೆ, ಮೊಣಕಾಲು ಹಿಡ್ಕೊಂತು, ಚೆಂಡು ಬೆರಳು ಸವರಿ ನೆಲಕ್ಕ ಬಿತ್ತು. ಎಲ್ಲಾರ ಮುಂದ ಕಣ್ಣಾಗ ನೀರು ಬಂತು. ನೋವಿಗೆ ಅಲ್ಲ. ಅಷ್ಟು ತಿಂಗಳು ಬೆವರು ಸುರಿಸಿ ಗಳಿಸಿದ್ದ ಮೈಯನ್ನ ಒಂದು ಬೀಗ ಹಾಕಿ ಕಸ್ಕೊಂಡಿದ್ರಲ್ಲ, ಅದಕ್ಕ. ಗೇಟ್ ತಗದ್ರೂ ಆ ಮೈ ಅವತ್ತೇ ತಿರುಗಿ ಬರಲಿಲ್ಲ, ಅದನ್ನ ಕೊಡಾಕ ಯಾವ ಅಧ್ಯಕ್ಷರ ಕೈಲೂ ಆಗಲ್ಲ.

"ಎತ್ಕೊಳಲೇ" ಅಂದ್ಲು ಕುರಿಯಕ್ಕ ಪಕ್ಕದಿಂದ.

ಬಗ್ಗಿ ಎತ್ಕೊಂಡೆ. ಅಧ್ಯಕ್ಷರು ಇನ್ನೂ ಅಲ್ಲೇ ನಿಂತಿದ್ರು, ಗೆರಿ ಆಕಡಿ. ಅವತ್ತು ಆಟ ಮುಗದ ಮ್ಯಾಲ ಆಕಿ ಕೀಲಿಕೈ ಮನೀಗೆ ಒಯ್ಯಲಿಲ್ಲ, ನನ್ನ ಕೈಯಾಗ ಇಟ್ಲು. ಈಗ ಅದು ನನ್ನ ಮಷಿನ್ ಡಬ್ಬ್ಯಾಗ, ಬಾಬಿನ್ ಜೊತಿ ಐತಿ. ಬೇಕಾದೋರು ಬಂದು ಕೇಳ್ಲಿ.